ಗಿರಾಕಿಯ ಕೈಯಲ್ಲಿ ನಿಮ್ಮ ವೆಬ್‌ಸೈಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ವ್ಯಾಪಾರದ ವೆಬ್‌ಸೈಟ್ ಕುರಿತು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಅಂಗಡಿಗಳ ಹೆಸರನ್ನೂ ಬಿಟ್ಟಿದ್ದೇನೆ. ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನಾವು ಒಣಮೆಣಸಿನಕಾಯಿ ಮತ್ತು ಖಾರದಪುಡಿಯನ್ನು ಚಿಲ್ಲರೆಯಾಗಿ ಮಾರುತ್ತೇವೆ. ಕಳೆದ ವರ್ಷ ಸಾಕಷ್ಟು ಹಣ ಹಾಕಿ ಸೈಟು ಮಾಡಿಸಿದೆವು. ನೋಡಿದವರೆಲ್ಲ ಚೆಂದವಾಗಿದೆ ಎನ್ನುತ್ತಾರೆ. ದಿನಕ್ಕೆ ನೂರಾರು ಜನ ಬಂದು ಹೋಗುವುದು ಲೆಕ್ಕದಲ್ಲಿ ಕಾಣುತ್ತದೆ. ಆರ್ಡರ್ ಮಾತ್ರ ವಾರಕ್ಕೆ ಎರಡೋ ಮೂರೋ. ತಪ್ಪು ಎಲ್ಲಿದೆ? (ಬ್ಯಾಡಗಿ)

ಉತ್ತರ: ಚೆಂದವಾಗಿದೆ ಎಂದವರು ಅದನ್ನು ಎಲ್ಲಿ ನೋಡಿದರು ಎಂಬುದನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ, ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ನೋಡಿದವರಿಗೆ ಅದು ಚೆಂದವಾಗಿಯೇ ಕಾಣುತ್ತದೆ. ನಾನು ಅದನ್ನು ನಾಲ್ಕು ವರ್ಷ ಹಳೆಯ, ಅಗ್ಗದ ಮೊಬೈಲಿನಲ್ಲಿ ತೆರೆದೆ. ಮೊದಲ ಪುಟದಲ್ಲಿ ಮೆಣಸಿನಕಾಯಿ ರಾಶಿಯ ಮೂರು ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ, ಒಂದೊಂದೂ ಸುಮಾರು 6 ಎಂಬಿ ತೂಗುತ್ತದೆ. ಒಟ್ಟು 18 ಎಂಬಿ, ಅಂದರೆ 144 ಮೆಗಾಬಿಟ್. ಸೆಕೆಂಡಿಗೆ 4 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇವು ಪೂರ್ತಿ ಇಳಿಯಲು 36 ಸೆಕೆಂಡ್ ಬೇಕು. ಬಳಕೆದಾರರ ವರ್ತನೆಯನ್ನು ದಶಕಗಳಿಂದ ಅಭ್ಯಾಸ ಮಾಡಿರುವ ಯಾಕೋಬ್ ನೀಲ್ಸನ್ ಅವರು ಒಂದು ಕೆಲಸದ ಮೇಲೆ ಮನುಷ್ಯನ ಗಮನ ನಿಲ್ಲುವ ಮಿತಿ ಹೆಚ್ಚೆಂದರೆ 10 ಸೆಕೆಂಡ್ ಎಂದು 1993ರಲ್ಲೇ ಬರೆದರು. ಗೂಗಲ್ ಇನ್ನೂ ಬಿಗಿ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಣ್ಣಿಗೆ ಬಿದ್ದರೆ ಮಾತ್ರ ಅದಕ್ಕೆ ಒಳ್ಳೆಯ ಅಂಕ. ಲೆಕ್ಕದಲ್ಲಿ ಕಾಣುವ ನಿಮ್ಮ ನೂರಾರು ಜನರಲ್ಲಿ ಬಹಳಷ್ಟು ಮಂದಿ ಸರಕನ್ನು ನೋಡುವ ಮೊದಲೇ ಎದ್ದು ಹೋಗಿದ್ದಾರೆ ಎಂದೇ ನನ್ನ ಅನುಮಾನ.

ಚಿತ್ರ ಒಂದೇ ಸಾಕು. ಮೊಬೈಲ್ ಪರದೆಯ ಅಗಲಕ್ಕೆ ಕುಗ್ಗಿಸಿ, ವೆಬ್‌ಪಿ ಎಂಬ ಹಗುರ ಕಡತದ ಮಾದರಿಯಲ್ಲಿ ಉಳಿಸಿದರೆ ಅದನ್ನು 150 ಕೆಬಿ ಆಸುಪಾಸಿಗೆ ಇಳಿಸಬಹುದು, ಕೆಂಪು ಬಣ್ಣವೇನೂ ಮಾಸುವುದಿಲ್ಲ.

ಆದರೆ ತೂಕ ಇಳಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಚಿತ್ರಗಳ ಕೆಳಗೆ ‘ಪರಂಪರೆ’, ‘ನಮ್ಮ ಧ್ಯೇಯ’, ‘ನಮ್ಮ ದೃಷ್ಟಿ’ ಎಂದು ಮೂರು ಕಂಡಿಕೆಗಳಿವೆ, ದರ ಇರುವುದು ನಾಲ್ಕನೆಯ ಪುಟದಲ್ಲಿ. ಬ್ಯಾಡಗಿ ಮೆಣಸಿನಕಾಯಿಯನ್ನು ದೂರದಿಂದ ತರಿಸಿಕೊಳ್ಳುವವರು ಏನು ಕೇಳುತ್ತಾರೆಂಬುದು ಗಲ್ಲಾದ ಮೇಲೆ ಕೂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇದು ಡಬ್ಬಿ ತಳಿಯೋ ಕಡ್ಡಿ ತಳಿಯೋ, ತೊಟ್ಟು ಮುರಿದದ್ದೋ, ಬಣ್ಣ ಹೇಗೆ, ಖಾರ ಎಷ್ಟು, ಕಿಲೋಗೆ ಎಷ್ಟು, ನಮ್ಮ ಊರಿಗೆ ಯಾವಾಗ ತಲುಪುತ್ತದೆ. ಈ ಆರು ಪ್ರಶ್ನೆಗಳ ಉತ್ತರ ಮೊದಲ ಪರದೆಯಲ್ಲಿ ಅಥವಾ ಬೆರಳಿನ ಒಂದೇ ಎಳೆತದಲ್ಲಿ ಸಿಗಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ನೀವು ಅದರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿದ್ದರೆ ಆ ಸಂಗತಿಯನ್ನು ದರದ ಪಕ್ಕದಲ್ಲೇ ಹೇಳಿ, ಏಕೆಂದರೆ ಅಸಲಿ ಮಾಲು ಹೌದೋ ಅಲ್ಲವೋ ಎಂಬ ಶಂಕೆ ಹುಟ್ಟುವುದು ದರ ಕಂಡ ಕ್ಷಣದಲ್ಲೇ ಹೊರತು ‘ಪರಂಪರೆ’ ಓದುವಾಗ ಅಲ್ಲ.

ಕೊನೆಯದಾಗಿ, ಕೊರಿಯರ್ ಖರ್ಚು. ನಿಮ್ಮಲ್ಲಿ ಅದು ಹಣ ಕಟ್ಟುವ ಕೊನೆಯ ಹಂತದಲ್ಲಿ ಧುತ್ತೆಂದು ಪ್ರತ್ಯಕ್ಷವಾಗುತ್ತದೆ. ಅರ್ಧ ಕಿಲೋ ಪುಡಿಗೆ ಆ ಮೊತ್ತ ಸೇರಿದಾಗ ಗಿರಾಕಿಗೆ ಮೋಸ ಹೋದಂತೆ ಅನಿಸುತ್ತದೆ, ನೀವು ಮೋಸ ಮಾಡಿಲ್ಲದಿದ್ದರೂ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಕೂಡ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಅದರ ವಿವರದೊಂದಿಗೆ ತೋರಿಸಬೇಕೆನ್ನುತ್ತವೆ. ಸರಕಿನ ಪುಟದಲ್ಲೇ ಆರು ಅಂಕಿಯ ಪಿನ್‌ಕೋಡ್ ಕೇಳಿ, ಖರ್ಚನ್ನು ಅಲ್ಲೇ ಹೇಳಿಬಿಡಿ.

ಪ್ರಶ್ನೆ: ನಮ್ಮದು ಪಟ್ಟೆದಂಚಿನ ಸೀರೆಗಳ ವ್ಯಾಪಾರ. ಸೈಟು ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದೆ. ಬರಹವನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಸಿ ಕೊಟ್ಟರೆ ಕೆಲವು ಮೊಬೈಲುಗಳಲ್ಲಿ ಅರ್ಥವಾಗದ ಅಕ್ಷರ ಬಂದವು. ಸೈಟು ಮಾಡುವವರು ಬರಹವನ್ನೆಲ್ಲ ಚಿತ್ರವಾಗಿಸಿ ಹಾಕಿದರು. ಈಗ ಕಾಣುತ್ತದೆ, ಆದರೆ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಸೈಟು ಬರುವುದೇ ಇಲ್ಲ. ಇಂಗ್ಲಿಷಿಗೆ ಹೋಗುವುದೇ ಸರಿಯೆ? (ಗಜೇಂದ್ರಗಡ)

ಉತ್ತರ: ಹೋಗಬೇಡಿ. ನಿಮ್ಮ ಹಟ ಸರಿಯಾಗಿದೆ, ದಾರಿ ತಪ್ಪಿದೆ.

ಹಳೆಯ ನುಡಿಯ ಬರಹದಲ್ಲಿ ಗಣಕದೊಳಗೆ ಉಳಿಯುವುದು ಕನ್ನಡ ಅಕ್ಷರಗಳ ಸಂಕೇತವಲ್ಲ, ರೋಮನ್ ಅಕ್ಷರಗಳ ಸಂಕೇತ. ಅದರ ಮೇಲೆ ನುಡಿ ಫಾಂಟು ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಇಲ್ಲದ ಮೊಬೈಲಿನಲ್ಲಿ ವೇಷ ಕಳಚಿ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಹಾಗಲ್ಲ, ಅಲ್ಲಿ ‘ಕ’ ಎಂದರೆ ಯಾವ ಯಂತ್ರದಲ್ಲೂ ‘ಕ’ವೇ. ಹಳೆಯ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಿರಿ, ತಪ್ಪು ನುಸುಳುವುದು ಅಲ್ಲೇ. ಬರಹವನ್ನು ಚಿತ್ರವಾಗಿಸಿದ್ದು ಮಾತ್ರ ದೊಡ್ಡ ಪ್ರಮಾದ. ಹುಡುಕುಯಂತ್ರ ಒಂದು ಪುಟವನ್ನು ಅದರ ಅಕ್ಷರಗಳಿಂದ ಗುರುತಿಸುತ್ತದೆ, ದೃಷ್ಟಿಹೀನರು ಬಳಸುವ ಪರದೆವಾಚಕ ತಂತ್ರಾಂಶವೂ ಅಕ್ಷರಗಳನ್ನೇ ಓದುತ್ತದೆ, ಸಣ್ಣ ಪರದೆಯಲ್ಲಿ ಹಿಗ್ಗಿಸಿದಾಗ ಚಿತ್ರದ ಬರಹ ಮಸುಕಾಗುತ್ತದೆ. ಸೀರೆಯ ಚಿತ್ರ ಚಿತ್ರವಾಗಿರಲಿ, ಅದರ ಹಿಂದೆ ‘ಕೆಂಪು ಅಂಚಿನ ಹಸಿರು ಹತ್ತಿ ಸೀರೆ’ ಎಂಬಂಥ ಪರ್ಯಾಯ ಪಠ್ಯವೂ (ಹುಡುಕುಯಂತ್ರ, ಪರದೆವಾಚಕಗಳು ಓದುವ ವಿವರಣೆ) ಇರಲಿ.

ಕನ್ನಡದ ಅಕ್ಷರ ಇಂಗ್ಲಿಷ್ ಅಕ್ಷರದಂತೆ ಒಂದೇ ಗೆರೆಯ ಮೇಲೆ ಕೂರುವುದಿಲ್ಲ ಎಂಬುದನ್ನು ವಿನ್ಯಾಸಕಾರರಿಗೆ ನೀವೇ ಹೇಳಬೇಕಾಗುತ್ತದೆ. ‘ರಾಷ್ಟ್ರ’ ಎಂಬ ಪದದಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ. ಇಂಗ್ಲಿಷಿಗೆಂದು ಅಳೆದ ಸಾಲಿನ ಅಂತರದಲ್ಲಿ ಆ ಒತ್ತು ಕೆಳಸಾಲಿನ ಗುಡಿಸುವಿಗೆ ತಾಗುತ್ತದೆ, ಬಟನ್ನಿನೊಳಗಾದರೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಸಾಲಿನ ಎತ್ತರ ಕೊಟ್ಟರೆ ಓದು ಹಗುರವಾಗುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟು ಉದ್ದ ಬರಹಕ್ಕೆ ಒಗ್ಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನ ಕನ್ನಡ ಫಾಂಟೇ ಒಂದಿದೆ! ಅಭಿಮಾನಕ್ಕೆ ಅದನ್ನು ಶೀರ್ಷಿಕೆಗಳಿಗೆ ಬಳಸಬಹುದು, ಪ್ಯಾರಾಗಳಿಗೆ ನಾನು ಬಳಸಲಾರೆ.

ಇಂಗ್ಲಿಷ್ ಆವೃತ್ತಿ ಬೇಕಿದ್ದರೆ ಪಕ್ಕದಲ್ಲಿ ಇಡಿ, ಯಂತ್ರಾನುವಾದವನ್ನು ನಂಬಿ ಬಿಡಬೇಡಿ. ಒಂದು ಸೈಟಿನಲ್ಲಿ ‘ಚೆಕ್‌ಔಟ್’ ಎಂಬ ಬಟನ್ ಕನ್ನಡದಲ್ಲಿ ‘ಹೊರಗೆ ಹೋಗಿ’ ಎಂದಾಗಿದ್ದನ್ನು ನಾನೇ ಕಂಡಿದ್ದೇನೆ. ಗಿರಾಕಿ ಹೇಳಿದ ಹಾಗೆ ಕೇಳಿ ಹೊರಗೆ ಹೋಗಿರಬೇಕು. ‘ಹಣ ಕಟ್ಟಿ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ: ಸಿಹಿತಿನಿಸಿನ ಆನ್‌ಲೈನ್ ಮಾರಾಟಕ್ಕೆ ‘ಈಗಷ್ಟೇ ಒಬ್ಬರು ಖರೀದಿಸಿದರು’ ಎಂದು ತೋರಿಸುವ ಚೀಟಿ, ‘ರಿಯಾಯಿತಿ ಮುಗಿಯಲು ಹತ್ತು ನಿಮಿಷ’ ಎಂಬ ಗಡಿಯಾರ ಹಾಕಿಕೊಡುತ್ತೇವೆ, ಮಾರಾಟ ಹೆಚ್ಚುತ್ತದೆ ಎಂದು ಸೈಟು ಮಾಡುವವರು ಎನ್ನುತ್ತಿದ್ದಾರೆ. ಹಾಕಿಸಲೆ? (ಧಾರವಾಡ)

ಉತ್ತರ: ಆ ಗಡಿಯಾರ ಪುಟ ತೆರೆದಾಗಲೆಲ್ಲ ಮತ್ತೆ ಹತ್ತು ನಿಮಿಷದಿಂದ ಶುರುವಾಗುವುದಾದರೆ ಅದು ಸುಳ್ಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳೆಂದು ಪಟ್ಟಿ ಮಾಡಿದ 13 ವಂಚಕ ವಿನ್ಯಾಸಗಳಲ್ಲಿ ಇಂಥ ಹುಸಿ ಅವಸರವೂ ಒಂದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ನಿಮ್ಮ ಸರಕಿಗೆ ನಿಜವಾದ ಅವಸರವೇ ಇದೆಯಲ್ಲ! ಪೇಢೆ ಯಾವ ದಿನ ಮಾಡಿದ್ದು, ಎಷ್ಟು ದಿನ ಇಡಬಹುದು, ಇಂದು ಎಷ್ಟು ಗಂಟೆಯೊಳಗೆ ಆರ್ಡರ್ ಮಾಡಿದರೆ ಇಂದೇ ರವಾನೆಯಾಗುತ್ತದೆ ಎಂಬುದನ್ನು ಬರೆಯಿರಿ. ಜೊತೆಗೆ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಮತ್ತು ದೂರು ಕೇಳುವ ಅಧಿಕಾರಿಯ ವಿವರ ಇರಲಿ. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳಲ್ಲಿ ಬಗೆಹರಿಸಬೇಕೆಂದು ಮೇಲೆ ಹೇಳಿದ 2020ರ ನಿಯಮಗಳೇ ಹೇಳುತ್ತವೆ.

ಪ್ರಶ್ನೆ: ಪಂಪ್‌ಸೆಟ್ ಬಿಡಿಭಾಗಗಳ ಸಗಟು ವ್ಯಾಪಾರಿ ನಾನು. ಸೈಟಿನಲ್ಲಿ ಎಲ್ಲ ಭಾಗಗಳೂ ಇವೆ, ಆದರೂ ಮೆಕ್ಯಾನಿಕ್‌ಗಳು, ರೈತರು ಫೋನ್ ಮಾಡಿಯೇ ಕೇಳುತ್ತಾರೆ. ಅವರಿಗೆ ಬಳಸಲು ಬರುವುದಿಲ್ಲ ಎಂದು ಕೈಬಿಡಬೇಕೆ? ಪರೀಕ್ಷೆ ಮಾಡಿಸಲು ದೊಡ್ಡ ಕಂಪನಿಗಳಂತೆ ನಮ್ಮಲ್ಲಿ ಹಣವಿಲ್ಲ. (ಹುಬ್ಬಳ್ಳಿ)

ಉತ್ತರ: ಯುಪಿಐನಲ್ಲಿ ನಿಮಗೆ ಹಣ ಕಳುಹಿಸುವ ಮೆಕ್ಯಾನಿಕ್‌ಗೆ ಸೈಟು ಬಳಸಲು ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ. ಅವನು ನಿಮ್ಮ ಪುಟವನ್ನು ತೆರೆಯುವುದು ಕೊಳವೆಬಾವಿಯ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಗ್ರೀಸು ಮೆತ್ತಿದ ಹೆಬ್ಬೆರಳಿನಿಂದ. ಬಿಳಿ ಹಿನ್ನೆಲೆಯ ಮೇಲೆ ನಿಮ್ಮ ತಿಳಿ ಬೂದು ಅಕ್ಷರಗಳು ಆ ಬಿಸಿಲಿನಲ್ಲಿ ಇದ್ದೂ ಇಲ್ಲದಂತೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಕಾಂತಿಯ ವ್ಯತ್ಯಾಸವಿರಬೇಕೆಂದು ವೆಬ್ ಸುಗಮ್ಯತೆಯ, ಅಂದರೆ ದೃಷ್ಟಿ ಮುಂತಾದ ತೊಂದರೆ ಇರುವವರೂ ವೆಬ್ ಬಳಸುವಂತಾಗಬೇಕೆಂಬ, ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಗಿರಾಕಿಗಳಿಗೆ ನೇರ ಕಪ್ಪು ಅಕ್ಷರವೇ ಲೇಸು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು ಅದೇ ಮಾರ್ಗಸೂಚಿಯ 2023ರ ಆವೃತ್ತಿ ಸೇರಿಸಿತು. ಗೂಗಲ್ ತನ್ನ ಆಂಡ್ರಾಯ್ಡ್ ವಿನ್ಯಾಸಕಾರರಿಗೆ ಹೇಳುವ 48ರ ಅಳತೆಯನ್ನು ನೀವು ಹಿಡಿಯಿರಿ.

ಹುಡುಕುವ ಪೆಟ್ಟಿಗೆಯಲ್ಲಿ ಭಾಗದ ಸಂಖ್ಯೆಯನ್ನು ಅಡ್ಡಗೆರೆ ಬಿಟ್ಟು ಬರೆದರೆ ‘ಯಾವುದೂ ಸಿಗಲಿಲ್ಲ’ ಎನ್ನುತ್ತದೆ ನಿಮ್ಮ ಸೈಟು. ಗಲ್ಲಾದ ಮೇಲೆ ಕೂತ ನಿಮ್ಮ ಗುಮಾಸ್ತ ಹಾಗೆ ಎಂದಾದರೂ ಅಂದಾನೆಯೆ? ಅಡ್ಡಗೆರೆ, ಖಾಲಿ ಜಾಗಗಳನ್ನು ಲೆಕ್ಕಿಸದೆ ಹುಡುಕುವಂತೆ ಮಾಡಿಸಿ. ಮೊಬೈಲ್ ಸಂಖ್ಯೆ ಕೇಳುವ ಕಡೆ ಅಂಕಿಯ ಕೀಲಿಮಣೆಯೇ ತೆರೆದುಕೊಳ್ಳಲಿ. ಹೆಸರಿಗೆ ಒಂದೇ ಖಾನೆ ಸಾಕು. ಅಡ್ಡಹೆಸರು ಹಚ್ಚಿಕೊಳ್ಳುವ ನಮ್ಮ ಭಾಗದವರಿಗೆ ‘ಲಾಸ್ಟ್ ನೇಮ್’ ತೊಡಕಲ್ಲದಿದ್ದರೂ ಇನಿಷಿಯಲ್ ಬರೆಯುವ ಮೈಸೂರು ಕಡೆಯವರು ಅಲ್ಲಿ ಏನು ತುಂಬಬೇಕು? ಇಷ್ಟಾದ ಮೇಲೂ ಫೋನ್ ಮಾಡುವವರು ಮಾಡುತ್ತಾರೆ, ಮಾಡಲಿ. ಒತ್ತಿದರೆ ನೇರ ಕರೆ ಹೋಗುವ ಬಟನ್ನನ್ನು ಪ್ರತಿ ಸರಕಿನ ಪುಟದ ಅಡಿಯಲ್ಲಿ ಇಡಿ.

ಪರೀಕ್ಷೆಗೆ ಹಣ ಬೇಕಿಲ್ಲ. ಐದು ಮಂದಿಯನ್ನು ಕೂರಿಸಿ ನೋಡಿದರೆ ಮುಖ್ಯ ದೋಷಗಳಲ್ಲಿ ಬಹುಪಾಲು ಬಯಲಾಗುತ್ತವೆ ಎಂದು ನೀಲ್ಸನ್ 2000ದಲ್ಲಿ ಬರೆದಿದ್ದರು. ಅಂಗಡಿಗೆ ಬಂದ ಐವರು ಮೆಕ್ಯಾನಿಕ್‌ಗಳಿಗೆ ಒಬ್ಬೊಬ್ಬರಾಗಿ ಚಹಾ ಕೊಟ್ಟು, ಅವರದೇ ಮೊಬೈಲಿನಲ್ಲಿ ‘ಈ ಪಂಪಿನ ಇಂಪೆಲ್ಲರ್ ಹುಡುಕಿ’ ಎಂದು ಹೇಳಿ ಸುಮ್ಮನೆ ಕೂತುಕೊಳ್ಳಿ. ಸುಮ್ಮನೆ ಕೂರುವುದೇ ಕಷ್ಟದ ಕೆಲಸ. ‘ಅಲ್ಲಿ ಒತ್ತಿ, ಅಲ್ಲಲ್ಲ, ಮೇಲೆ’ ಎಂದು ನಾಲಿಗೆ ತುರಿಸುತ್ತದೆ. ಅದು ತುರಿಸಿದ ಜಾಗವನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ, ತಿದ್ದಬೇಕಾದ ಪಟ್ಟಿ ಅದೇ. ಸೈಟು ಮಾಡಿಕೊಟ್ಟ ಅಳಿಯನನ್ನೋ ಕಾಲೇಜಿಗೆ ಹೋಗುವ ಮಗಳನ್ನೋ ಈ ಐವರಲ್ಲಿ ಎಣಿಸಬೇಡಿ.

ಪ್ರಶ್ನೆ: ಏಲಕ್ಕಿ ಹಾರ ಮಾಡುತ್ತೇವೆ. ವಾಟ್ಸ್‌ಆ್ಯಪ್‌ನಲ್ಲೂ ಇನ್‌ಸ್ಟಾಗ್ರಾಂನಲ್ಲೂ ಆರ್ಡರ್ ಬರುತ್ತವೆ. ವೆಬ್‌ಸೈಟ್ ಬೇಕೇ ಬೇಕೆ? (ಹಾವೇರಿ)

ಉತ್ತರ: ಬುಟ್ಟಿ, ಹಣ ಪಾವತಿ, ಖಾತೆ ತೆರೆಯುವಿಕೆ ಇರುವ ದೊಡ್ಡ ಸೈಟು ನಿಮಗೆ ಬೇಡ. ಎಷ್ಟು ಎಳೆ, ಎಂದಿಗೆ ಬೇಕು, ನಡುವೆ ಯಾವ ಬಣ್ಣದ ಮಣಿ ಎಂದು ಮಾತಾಡಿಯೇ ತೀರ್ಮಾನವಾಗುವ ವ್ಯಾಪಾರ ನಿಮ್ಮದು. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಉಚಿತವಾಗಿ ದಾಖಲಿಸಿ, ತೆರೆದಿರುವ ಹೊತ್ತನ್ನು ಸರಿಯಾಗಿ ತುಂಬಿ. ಇನ್‌ಸ್ಟಾಗ್ರಾಂ ಖಾತೆ ಯಾವಾಗ ಬೇಕಾದರೂ ಕೈತಪ್ಪಬಹುದಾದ್ದರಿಂದ ನಿಮ್ಮದೇ ವಿಳಾಸದಲ್ಲಿ ಒಂದೇ ಒಂದು ಪುಟ ಇರಲಿ: ನಾಲ್ಕೈದು ಹಾರಗಳ ಚಿತ್ರ, ಎಷ್ಟು ದಿನ ಮುಂಚೆ ಹೇಳಬೇಕು ಎಂಬ ಸಾಲು, ಒತ್ತಿದರೆ ವಾಟ್ಸ್‌ಆ್ಯಪ್ ತೆರೆಯುವ ಬಟನ್. ದರವನ್ನು ಮಾತ್ರ ಪ್ರತಿ ಚಿತ್ರದ ಕೆಳಗೇ ಬರೆಯಿರಿ. ನಾಳೆಯ ಸನ್ಮಾನಕ್ಕೆ ರಾತ್ರಿ ಹತ್ತಕ್ಕೆ ಹಾರ ಹುಡುಕುತ್ತಿರುವವರಿಗೆ ‘ದರಕ್ಕಾಗಿ ಸಂದೇಶ ಕಳುಹಿಸಿ’ ಎಂದರೆ, ಅವರು ಪಕ್ಕದ ಅಂಗಡಿಗೆ ಸಂದೇಶ ಕಳುಹಿಸುತ್ತಾರೆ.