ಕಾಲುಸಂಕದ ಮನವಿಗೆ ಯಾವ ಪದ? – ಸಂಪಾದಕರ ಉತ್ತರ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ ಹೀಗಿದೆ: ಅವರ ಊರಿನ ಹಳ್ಳಕ್ಕೆ ಹಾಕಿರುವ ಕಾಲುಸಂಕದ (ನಡೆದು ದಾಟಲು ಮರ ಜೋಡಿಸಿದ ಕಾಲುದಾರಿಯ) ಮರಗಳು ಕೊಳೆತು ಲಡ್ಡಾಗಿವೆ. ಕಳೆದ ಆಷಾಢದಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳೊಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ಆ ಸಂಕದ ಮೇಲೆ ಹೊತ್ತು ದಾಟಿಸಿ, ಆಚೆ ದಡದಲ್ಲಿ ನಿಂತಿದ್ದ ಆಂಬುಲೆನ್ಸಿಗೆ ಮುಟ್ಟಿಸಬೇಕಾಯಿತು. ಈಗ ಊರವರು ಕಿರುಸೇತುವೆಗಾಗಿ ಬೆಂಗಳೂರಿನ ಕಂಪನಿಯೊಂದರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವಿಭಾಗಕ್ಕೆ ಇಂಗ್ಲಿಷಿನಲ್ಲಿ ಮನವಿ ಬರೆಯುತ್ತಿದ್ದಾರೆ. ತಲೆಬರಹದಲ್ಲಿ ‘ಎಮರ್ಜೆನ್ಸಿ’ ಎಂದಿರಲಿ ಎಂದು ಕೆಲವರು, ‘ಅರ್ಜೆಂಟ್’ ಸಾಕು ಎಂದು ಕೆಲವರು ಹೇಳುತ್ತಿದ್ದರೆ, ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ‘ಕ್ರಿಟಿಕಲ್’ ಎಂದೇ ಬರೆಯಬೇಕೆಂದು ಹಟ ಹಿಡಿದಿದ್ದಾಳೆ. ‘ಎಲ್ಲದಕ್ಕೂ ಕನ್ನಡದಲ್ಲಿ ತುರ್ತು ಎಂದೇ ಅಲ್ಲವೇ, ಯಾವುದನ್ನು ಬರೆದರೇನು?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಯಾವುದನ್ನು ಬರೆದರೂ ನಡೆಯುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ನಿಮ್ಮ ಗೊಂದಲದ ಮೂಲ ಮಾತ್ರ ನನಗೆ ಅರ್ಥವಾಗುತ್ತದೆ. ತುರ್ತು ಸಭೆ, ತುರ್ತು ಚಿಕಿತ್ಸಾ ಘಟಕ, 1975ರ ತುರ್ತು ಪರಿಸ್ಥಿತಿ, ಈ ಮೂರರಲ್ಲೂ ನಾವು ಒಂದೇ ಪದವನ್ನು ಬಳಸುತ್ತೇವೆ. ಇದು ಕನ್ನಡದ ಬಡತನವೇನೂ ಅಲ್ಲ. ಗಂಡಾಂತರ, ಆಪತ್ತು, ಬಿಕ್ಕಟ್ಟು, ಚಿಂತಾಜನಕ ಎಂಬ ಪದಗಳು ನಮ್ಮಲ್ಲಿವೆ. ‘ಜ್ವರ ವಿಷಮಿಸಿತು’ ಎಂಬಂಥ ನಿಖರವಾದ ಮಾತೂ ಇದೆ. ಆಡಳಿತದ ಕನ್ನಡವೇ ‘ತುರ್ತು’ವಿನ ಮೇಲೆ ಹೆಚ್ಚಿನ ಹೊರೆ ಹೊರಿಸಿಬಿಟ್ಟಿದೆ.

ಇಂಗ್ಲಿಷಿನ ‘ಅರ್ಜೆಂಟ್’ ಮುಖ್ಯವಾಗಿ ಕಾಲಕ್ಕೆ ಸಂಬಂಧಿಸಿದ್ದು. ಒತ್ತು, ನೂಕು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ. ಕೆಲಸ ಬೇಗ ಆಗಬೇಕು, ತಡವಾದರೆ ನಷ್ಟ ಎಂದಷ್ಟೇ ಅದು ಹೇಳುತ್ತದೆ; ಅಪಾಯ ಬಂದೇಬಿಟ್ಟಿದೆ ಎಂದು ಹೇಳುವುದಿಲ್ಲ. ‘ಎಮರ್ಜೆನ್ಸಿ’ ಎಂಬುದರ ಮೂಲದಲ್ಲಿ ಮುಳುಗಿದ್ದದ್ದು ಮೇಲೆದ್ದು ಬರುವ ಅರ್ಥವಿದೆ. ನಿರೀಕ್ಷಿಸಿರದ ಘಟನೆಯೊಂದು ಎದುರಾಗಿ, ಕೈಯಲ್ಲಿದ್ದ ಬೇರೆಲ್ಲ ಕೆಲಸವನ್ನು ಬಿಟ್ಟು ಈ ಕ್ಷಣವೇ ಅದಕ್ಕೆ ಓಗೊಡಬೇಕಾದ ಸ್ಥಿತಿ ಅದು. ಎಮರ್ಜೆನ್ಸಿಯಾದದ್ದೆಲ್ಲ ಅರ್ಜೆಂಟ್ ಹೌದು, ಅರ್ಜೆಂಟ್ ಆದದ್ದೆಲ್ಲ ಎಮರ್ಜೆನ್ಸಿಯಲ್ಲ.

ಕಾನೂನು ಈ ಭೇದವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಶರಾವತಿ ಕಣಿವೆಯಲ್ಲಿ ಮನೆಮಠ, ಗದ್ದೆ ತೋಟಗಳು ಮುಳುಗಡೆಯಾದದ್ದನ್ನು ಕಂಡ ನಮ್ಮ ಜಿಲ್ಲೆಗೆ ಭೂಸ್ವಾಧೀನ ಎಂಬ ಮಾತು ಹೊಸದಲ್ಲ. 1894ರ ಭೂಸ್ವಾಧೀನ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಈ ಎರಡೂ ಪದಗಳು ಬೇರೆ ಬೇರೆಯಾಗಿ ಬರುತ್ತವೆ: ‘ಅರ್ಜೆನ್ಸಿ’ ಇದೆ ಎಂದು ಸರ್ಕಾರ ಭಾವಿಸಿದ ಸಂದರ್ಭಕ್ಕೆ ಒಂದು ಉಪವಿಧಿ, ನದಿಯ ಪಾತ್ರ ಹಠಾತ್ತನೆ ಬದಲಾಗುವಂಥ ಅನಿರೀಕ್ಷಿತ ‘ಎಮರ್ಜೆನ್ಸಿ’ಗೆ ಇನ್ನೊಂದು. ಮೊದಲಿನ ಪದ ಸಡಿಲವಾದದ್ದರಿಂದ ಅದರ ಹೆಸರಿನಲ್ಲಿ ಭೂಮಾಲೀಕರ ಆಕ್ಷೇಪಣೆಯ ಹಕ್ಕನ್ನೇ ಬದಿಗೆ ಸರಿಸಲು ಸಾಧ್ಯವಾಗುತ್ತಿತ್ತು. 2013ರ ಹೊಸ ಕಾಯ್ದೆಯ 40ನೇ ಸೆಕ್ಷನ್ ಆ ಅಧಿಕಾರವನ್ನು ದೇಶದ ರಕ್ಷಣೆ, ರಾಷ್ಟ್ರೀಯ ಭದ್ರತೆ, ನೈಸರ್ಗಿಕ ವಿಕೋಪದ ಎಮರ್ಜೆನ್ಸಿ ಹಾಗೂ ಸಂಸತ್ತಿನ ಒಪ್ಪಿಗೆ ಪಡೆದ ಬೇರೆ ಎಮರ್ಜೆನ್ಸಿ, ಇಷ್ಟಕ್ಕೆ ಬಿಗಿಗೊಳಿಸಿತು.

ಪದ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ವಿಮಾನಯಾನದ ಒಂದು ದುರಂತವನ್ನು ಇಲ್ಲಿ ಹೇಳಲೇಬೇಕು. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಹೊರಟಿದ್ದ ಆವಿಯಾಂಕಾ ಸಂಸ್ಥೆಯ 52ನೇ ಸಂಖ್ಯೆಯ ವಿಮಾನವು ಕೆಟ್ಟ ಹವಾಮಾನದಿಂದಾಗಿ ಆಕಾಶದಲ್ಲಿಯೇ ಒಂದು ಗಂಟೆಗೂ ಹೆಚ್ಚು ಕಾಲ ಸುತ್ತು ಹೊಡೆಯಬೇಕಾಯಿತು. ಇಂಧನ ಮುಗಿಯುತ್ತಾ ಬಂದಿತ್ತು. ಪೈಲಟ್‌ಗಳು ನಿಯಂತ್ರಣ ಕೇಂದ್ರಕ್ಕೆ ತಮಗೆ ‘ಪ್ರಯಾರಿಟಿ’ ಬೇಕೆಂದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು. ಆದರೆ ‘ಎಮರ್ಜೆನ್ಸಿ’ ಎಂಬ ಒಂದು ಪದವನ್ನು ಅವರು ಕೇಂದ್ರಕ್ಕೆ ಹೇಳಲಿಲ್ಲ. ಕೇಳಿಸಿಕೊಂಡವರಿಗೆ ‘ಪ್ರಯಾರಿಟಿ’ ಎಂದರೆ ಸಾಲಿನಲ್ಲಿ ಸ್ವಲ್ಪ ಮುಂದೆ ಬಿಡಿ ಎಂಬ ಕೋರಿಕೆ; ‘ಎಮರ್ಜೆನ್ಸಿ’ ಎಂದಿದ್ದರೆ ಉಳಿದ ವಿಮಾನಗಳನ್ನೆಲ್ಲ ಸರಿಸಿ ದಾರಿ ತೆರವು ಮಾಡಬೇಕಾದ ಕರ್ತವ್ಯ ಅವರ ಮೇಲೆ ಬೀಳುತ್ತಿತ್ತು. ಇಳಿಯುವ ಮೊದಲ ಪ್ರಯತ್ನ ವಿಫಲವಾಗಿ, ಎರಡನೆಯದಕ್ಕೆ ತಿರುಗುತ್ತಿದ್ದಾಗ ಎಂಜಿನ್‌ಗಳು ನಿಂತುಹೋಗಿ ವಿಮಾನ ಲಾಂಗ್ ಐಲೆಂಡಿನ ಗುಡ್ಡವೊಂದಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು. ಆ ಪೈಲಟ್‌ಗಳ ಮಾತೃಭಾಷೆ ಸ್ಪ್ಯಾನಿಷ್. ಪರಭಾಷೆಯಲ್ಲಿ ನೆರವು ಕೇಳಬೇಕಾದ ಯಾರಿಗೂ ಈ ಪ್ರಸಂಗ ತಿಳಿದಿರಬೇಕೆಂದು ನನಗನ್ನಿಸುತ್ತದೆ.

ಇನ್ನು ಆ ಹುಡುಗಿಯ ‘ಕ್ರಿಟಿಕಲ್’. ಇದಕ್ಕೂ ‘ಕ್ರೈಸಿಸ್’ಗೂ ಬೇರು ಒಂದೇ, ತೀರ್ಮಾನ ಎಂಬ ಅರ್ಥದ ಗ್ರೀಕ್ ಪದ ಅದು. ರೋಗಿ ಉಳಿಯುವನೋ ಇಲ್ಲವೋ ಎಂಬುದು ನಿರ್ಣಯವಾಗುವ ಘಳಿಗೆಯನ್ನು ಹಳೆಯ ಕಾಲದ ಗ್ರೀಕ್ ವೈದ್ಯರು ಕ್ರೈಸಿಸ್ ಎನ್ನುತ್ತಿದ್ದರು. ಇಂದಿಗೂ ಆಸ್ಪತ್ರೆಯಲ್ಲಿ ‘ಸೀರಿಯಸ್’ ಎಂದರೆ ಗಂಭೀರ, ‘ಕ್ರಿಟಿಕಲ್’ ಎಂದರೆ ಅದಕ್ಕಿಂತ ಒಂದು ಹೆಜ್ಜೆ ಆಚೆ: ನಾಡಿ, ರಕ್ತದೊತ್ತಡ, ಉಸಿರಾಟ ಹತೋಟಿಗೆ ಬಾರದ ಸ್ಥಿತಿ. ಕಾಲು ಮುರಿದುಕೊಂಡು ಬಂದವನದು ಎಮರ್ಜೆನ್ಸಿಯೇ, ಆದರೆ ಅವನ ಸ್ಥಿತಿ ಕ್ರಿಟಿಕಲ್ ಅಲ್ಲ. ವಾರದಿಂದ ಐಸಿಯುನಲ್ಲಿರುವವನು ಕ್ರಿಟಿಕಲ್, ಆದರೆ ಅವನದು ಈಗಷ್ಟೇ ಎದ್ದ ಎಮರ್ಜೆನ್ಸಿಯಲ್ಲ. ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ, ನಿಮಗೆ ಬೇಕಾದದ್ದು ಅದು: ಯಾವುದು ಕೈಕೊಟ್ಟರೆ ಉಳಿದದ್ದೆಲ್ಲ ನಿಂತುಹೋಗುತ್ತದೋ ಅದೂ ಕ್ರಿಟಿಕಲ್. ಹುಡುಗಿಯ ಹಟದಲ್ಲಿ ಹುರುಳಿದೆ.

‘ಕ್ರೈಸಿಸ್’ ಈಗ ತಿಂಗಳು, ವರ್ಷಗಟ್ಟಲೆ ಎಳೆಯುವ ಬಿಕ್ಕಟ್ಟಿಗೂ ಸಲ್ಲುತ್ತದೆ. ನಿಮ್ಮ ಮನವಿಗೆ ಅದು ಬೇಡ. ‘ಡಿಸಾಸ್ಟರ್’ ಅಂತೂ ಖಂಡಿತ ಬೇಡ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ, ಸ್ಥಳೀಯ ಜನರ ನಿಭಾಯಿಸುವ ಶಕ್ತಿಯನ್ನು ಮೀರಿದ ಅನಾಹುತ ಮಾತ್ರ ಡಿಸಾಸ್ಟರ್. ಅದೂ ಅಲ್ಲದೆ, ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಿಎಸ್‌ಆರ್ ಹಣ ಬಳಸಬಹುದಾದ ಬಾಬತ್ತುಗಳ ಪಟ್ಟಿ ಇದ್ದು, ಅದರಲ್ಲಿ ಗ್ರಾಮೀಣಾಭಿವೃದ್ಧಿ ಯೋಜನೆ ಬೇರೆ, ವಿಪತ್ತು ನಿರ್ವಹಣೆ ಬೇರೆ. ಕಿರುಸೇತುವೆಯನ್ನು ಗ್ರಾಮೀಣಾಭಿವೃದ್ಧಿಯ ಬಾಬತ್ತಿನಲ್ಲಿಯೇ ಕೇಳಿ.

ಹೀಗಾಗಿ ತಲೆಬರಹದಲ್ಲಿ ‘ಅರ್ಜೆಂಟ್’ ಇರಲಿ, ಆದರೆ ಅದರ ಪಕ್ಕದಲ್ಲಿ ಗಡುವು ಇರಲೇಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಳ್ಳದಲ್ಲಿ ಪಾಯ ತೆಗೆಯಲಾಗುವುದಿಲ್ಲ ಎಂಬುದು ನಮಗೆ ಹೇಳದೆಯೇ ಗೊತ್ತು. ಬೆಂಗಳೂರಿನಲ್ಲಿ ಕಡತ ಓದುವವರಿಗೆ ಹೇಳಿದರಷ್ಟೇ ಗೊತ್ತಾಗುತ್ತದೆ. ಮೇ ಕೊನೆಯೊಳಗೆ ತಳಪಾಯದ ಕೆಲಸ ಮುಗಿಯಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಒಡಲಿನಲ್ಲಿ ಕಾಲುಸಂಕವನ್ನು ಶಾಲೆ, ಆಸ್ಪತ್ರೆ, ಸೊಸೈಟಿಗಳಿಗೆ ಇರುವ ‘ಕ್ರಿಟಿಕಲ್ ಲಿಂಕ್’ ಎಂದು ಕರೆದು, ಅದು ಕೊಚ್ಚಿಹೋದರೆ ಬೇರೆ ದಾರಿ ಎಷ್ಟು ಕಿಲೋಮೀಟರ್ ಸುತ್ತು ಎಂಬುದನ್ನು ಕಾಣಿಸಿ. ‘ಎಮರ್ಜೆನ್ಸಿ’ ಎಂಬ ಪದವನ್ನು ಆ ಹೆರಿಗೆಯ ಪ್ರಸಂಗಕ್ಕೆ ಮಾತ್ರ ಮೀಸಲಿಡಿ; ಆ ಹೆಣ್ಣುಮಗಳ ಒಪ್ಪಿಗೆ ಪಡೆದು, ಅಂದು ಎಷ್ಟು ಹೊತ್ತಿಗೆ ಏನಾಯಿತು, ಸಂಕ ದಾಟಿಸಲು ಎಷ್ಟು ಜನ ಬೇಕಾಯಿತು ಎಂಬುದನ್ನು ವಿಶೇಷಣಗಳಿಲ್ಲದೆ ಬರೆಯಿರಿ. ಕರಡು ಸಿದ್ಧವಾದ ಮೇಲೆ ನಮ್ಮ ಕಚೇರಿಗೆ ಒಂದು ಪ್ರತಿ ಕಳಿಸಿದರೆ ಓದಿ ತಿದ್ದಿಕೊಡುತ್ತೇನೆ.

– ಸಂಪಾದಕ