ಸುಳಿ ಗಟ್ಟಿಯಾಗಿದೆಯೇ? ಹಾಗಾದರೆ ಗಿಡ ಉಳಿಯುತ್ತದೆ

ಪ್ರಶ್ನೆ: ನಾನು ಮೊದಲ ಬಾರಿಗೆ ಮನೆಯೊಳಗೆ ಗಿಡ ಬೆಳೆಸುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಅರೆಕಾ ಪಾಮ್ ತಂದು ಹಾಲ್‌ನ ಮೂಲೆಯಲ್ಲಿಟ್ಟೆ. ಪ್ರತಿದಿನ ತಪ್ಪದೆ ನೀರು ಹಾಕುತ್ತೇನೆ. ಆದರೂ ಕೆಳಗಿನ ಗರಿಗಳು ಹಳದಿಯಾಗುತ್ತಿವೆ, ತುದಿಗಳು ಒಣಗಿ ಕಂದಾಗಿವೆ. ಗೊಬ್ಬರ ಹಾಕಿದರೂ ಚೇತರಿಸಲಿಲ್ಲ. ಹಳದಿ ಗರಿಗಳನ್ನೆಲ್ಲ ಕತ್ತರಿಸಿ ದೊಡ್ಡ ಕುಂಡಕ್ಕೆ ಬದಲಿಸಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಸುಳಿ ನೋಡಿ. ಪ್ರತಿ ಕಾಂಡದ ನೆತ್ತಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ, ಈಟಿಯಂತೆ ನೆಟ್ಟಗಿರುವ ಎಳೆ ಗರಿ ಇರುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆಯಿರಿ. ಹಸಿರಾಗಿ, ಗಟ್ಟಿಯಾಗಿ ನಿಂತರೆ ಆ ಕಾಂಡಕ್ಕೆ ಜೀವವಿದೆ. ಬುಡ ಕೊಳೆತು, ವಾಸನೆಯೊಂದಿಗೆ ಕೈಗೇ ಬಂದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ತಾಳೆ ಜಾತಿಯ ಕಾಂಡಕ್ಕೆ ಬೆಳೆಯುವ ಜಾಗ ಅದೊಂದೇ. ಆದರೆ ಅರೆಕಾ ಕುಂಡದಲ್ಲಿ ಹಲವು ಕಾಂಡಗಳಿರುತ್ತವೆ. ಒಂದು ಹೋದರೆ ಉಳಿದವನ್ನು ಕಾಪಾಡಿಕೊಳ್ಳಬಹುದು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಆತಂಕ ಹುಟ್ಟಿಸಿದ್ದು ‘ಪ್ರತಿದಿನ ತಪ್ಪದೆ’ ಎಂಬ ಮಾತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ತೊಯ್ದಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ; ಕೊಳೆತ ಬೇರು ನೀರು ಹೀರುವುದಿಲ್ಲ. ಹೀಗಾಗಿ ಹಸಿ ಮಣ್ಣಿನಲ್ಲಿ ನಿಂತೇ ಗಿಡ ಒಣಗುತ್ತದೆ. ಒಣಗಿತೆಂದು ನಾವು ಇನ್ನಷ್ಟು ನೀರು ಸುರಿಯುತ್ತೇವೆ. ಅಕ್ಕರೆಯಿಂದ ಸಾಕಿದ ಎಷ್ಟೋ ಗಿಡಗಳು ಹೀಗೆಯೇ ಸಾಯುವುದನ್ನು ಕಂಡಿದ್ದೇನೆ.

ಇಂದಿನಿಂದ ದಿನ ಲೆಕ್ಕ ಬಿಟ್ಟು ಮಣ್ಣು ಮುಟ್ಟಿ ನೋಡಿ. ಬೆರಳಿನ ಎರಡು ಗಿಣ್ಣು ಆಳದವರೆಗೆ ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಕುಂಡಕ್ಕೆ ತೂತೇ ಇಲ್ಲದಿದ್ದರೆ ನಿಮ್ಮ ಸಮಸ್ಯೆಯ ಮೂಲ ಅಲ್ಲೇ ಇದೆ.

ಮಣ್ಣು ಕೆಸರಿನಂತೆ ನಾರುತ್ತಿದ್ದರೆ ಗಿಡವನ್ನು ಹೊರತೆಗೆದು ನೋಡಲೇಬೇಕು. ಒಳ್ಳೆಯ ಬೇರು ತಿಳಿಬಣ್ಣದ್ದು, ಬಿಗಿಯಾದದ್ದು. ಕೊಳೆತದ್ದನ್ನು ಬೆರಳಲ್ಲಿ ಹಿಡಿದು ಎಳೆದರೆ ಕಪ್ಪು ಸಿಪ್ಪೆ ಜಾರಿ, ಒಳಗಿನ ನಾರು ಮಾತ್ರ ಉಳಿಯುತ್ತದೆ. ಅಂಥದ್ದನ್ನು ಕತ್ತರಿಸಿ, ಉಳಿದ ಬೇರಿಗೆ ಹೊಂದುವ ಚಿಕ್ಕ ಕುಂಡದಲ್ಲಿ, ನೀರು ಬೇಗ ಬಸಿಯುವ ಸಡಿಲ ಮಣ್ಣಿನಲ್ಲಿ ನೆಡಿ. ದೊಡ್ಡ ಕುಂಡದ ಮಣ್ಣು ಬೇಗ ಆರುವುದಿಲ್ಲ, ದುರ್ಬಲ ಬೇರಿಗೆ ಅದು ಅಪಾಯ.

ಹಳದಿ ಗರಿಯಿಂದ ಗಿಡ ಪೊಟ್ಯಾಸಿಯಂನಂಥ ಪೋಷಕಾಂಶಗಳನ್ನು ಹಿಂದಕ್ಕೆಳೆದು ಹೊಸ ಗರಿಗೆ ಕೊಡುತ್ತಿರುತ್ತದೆ. ಆದ್ದರಿಂದ ಪೂರ್ತಿ ಒಣಗುವವರೆಗೆ ಕತ್ತರಿಸಬೇಡಿ. ಗೊಬ್ಬರವನ್ನೂ ನಿಲ್ಲಿಸಿ, ಹೀರಿಕೊಳ್ಳಲಾಗದ ಲವಣ ಮಣ್ಣಿನಲ್ಲಿ ಸೇರಿ ಎಲೆತುದಿಯನ್ನು ಸುಡುತ್ತದೆ. ಕಂದಾದ ತುದಿ ಮತ್ತೆ ಹಸಿರಾಗದು, ಅದಕ್ಕಾಗಿ ಕೊರಗಬೇಡಿ.

ಇನ್ನು ಆ ಮೂಲೆ. ಕಿಟಕಿಯ ಬಳಿ ಬೆಳಕು ಧಾರಾಳವಾಗಿರುವ, ಆದರೆ ನಡುಹಗಲ ಬಿಸಿಲು ನೇರ ಬೀಳದ ಜಾಗಕ್ಕೆ ಕುಂಡವನ್ನು ತನ್ನಿ. ಗರಿಯ ಅಡಿಭಾಗದಲ್ಲಿ ಸಣ್ಣ ಬಲೆ, ಧೂಳಿನಂಥ ಚುಕ್ಕಿಗಳಿದ್ದರೆ ಅದು ಜೇಡನುಸಿ, ಅಂದರೆ ಎಲೆಯ ರಸ ಹೀರುವ ಅತಿ ಪುಟ್ಟ ಜೀವಿ. ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ.

ಚೇತರಿಕೆಗೆ ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು. ಸುಳಿ ಮತ್ತು ಅದರ ಪಕ್ಕದ ದಂಟಿನ ಮೇಲೆ ಒಂದೇ ಮಟ್ಟದಲ್ಲಿ ಪೆನ್ನಿನಿಂದ ಪುಟ್ಟ ಗೆರೆ ಎಳೆದಿಡಿ. ಸುಳಿಯ ಗೆರೆ ಮೇಲೇರಿದ್ದು ಕಂಡ ದಿನ ಗಿಡ ಬೆಳೆಯತೊಡಗಿದೆ ಎಂದು ತಿಳಿಯಿರಿ.