ದೇವರ ಸ್ವರ ಯಾವುದು, ನಮ್ಮ ಮನಸ್ಸಿನ ಮಾತು ಯಾವುದು ಅಂತ ಕ್ರೈಸ್ತರು ಹೇಗೆ ಗುರುತಿಸುತ್ತಾರೆ?

ಹೆಚ್ಚಿನ ಕ್ರೈಸ್ತರು ಕಿವಿಗೆ ಕೇಳುವ ದನಿಗಾಗಿ ಕಾಯುವುದಿಲ್ಲ. ಮೊದಲು ನೋಡುವುದು ಬೈಬಲನ್ನೇ. ಮನಸ್ಸಿಗೆ ಬಂದ ಮಾತು ಅದಕ್ಕೆ ವಿರುದ್ಧವಾಗಿದ್ದರೆ ಅಲ್ಲಿಗೆ ಮುಗಿಯಿತು.

ಆದರೆ ಕೆಲಸ ಬಿಡಲೋ, ಊರು ಬಿಡಲೋ ಎಂಬಂಥದ್ದಕ್ಕೆ ನೇರ ವಚನ ಸಿಗುವುದಿಲ್ಲ, ಅಲ್ವಾ? ಇಲ್ಲಿ ನನಗೆ ಇಷ್ಟವಾಗುವುದು ಬೈಬಲಿನ ಬಾಲಕ ಸಮುವೇಲನ ಕಥೆ (1 ಸಮುವೇಲ 3). ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಹುಡುಗ ಮೂರು ಸಲವೂ ಎದ್ದು ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಕರೆದದ್ದು ದೇವರು ಅಂತ ಹೊಳೆದದ್ದು ಹುಡುಗನಿಗಲ್ಲ, ಕಣ್ಣು ಮಂಜಾಗಿದ್ದ ಆ ಮುದುಕನಿಗೆ. ಬಂದ ಸಂದೇಶವೂ ಸಿಹಿಯಲ್ಲ: ಏಲಿಯ ಮನೆತನಕ್ಕೇ ಶಿಕ್ಷೆ. ಬೆಳಗ್ಗೆ ಅದನ್ನು ಹೇಳಲು ಸಮುವೇಲ ಹೆದರುತ್ತಾನೆ. ನಮ್ಮ ಆಸೆಯನ್ನೇ ಸುಮ್ನೆ ದೇವರ ಬಾಯಲ್ಲಿ ಹೇಳಿಸಿದರೆ ಇಂಥ ಇಕ್ಕಟ್ಟು ಬರುವುದಿಲ್ಲ.

ಇನ್ನೊಂದು ದಾರಿ ಲೊಯೋಲಾದ ಸಂತ ಇಗ್ನೇಷಿಯಸ್ ಅವರದು. ಸೈನಿಕನಾಗಿದ್ದಾಗ, 1521ರಲ್ಲಿ, ಸ್ಪೇನಿನ ಪಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದಿದ್ದರು. ವೀರ ಸಾಹಸದ ಹಗಲುಗನಸು ಆ ಹೊತ್ತಿಗೆ ಖುಷಿ ಕೊಟ್ಟರೂ ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬದುಕುವ ಯೋಚನೆ ಬಂದಾಗ ನೆಮ್ಮದಿ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನೇ ಅವರು ಗುರುತಾಗಿ ಹಿಡಿದರು.

"ದೇವರು ನಿನಗೆ ಹೀಗೆ ಹೇಳಿದ್ದಾರೆ" ಅಂತ ಬೇರೆಯವರು ಬಂದರೆ, ಅದರಲ್ಲೂ ದುಡ್ಡಿನ ಅಥವಾ ಮದುವೆಯ ವಿಷಯವಾದರೆ, ತಕ್ಷಣ ಒಪ್ಪಬೇಡಿ. ಎಲ್ಲ ಆತ್ಮಗಳನ್ನೂ (ಅಂದರೆ ದೇವರಿಂದ ಬಂದದ್ದು ಎನ್ನುವ ಪ್ರೇರಣೆಗಳನ್ನು) ನಂಬದೆ ಪರೀಕ್ಷಿಸಿ ಅಂತ ಬೈಬಲಿನ 1 ಯೋಹಾನ 4:1ರಲ್ಲೇ ಇದೆ. ಸಮಯ ಕೇಳಿ. ಅವಸರ ಮಾಡುವವರ ಮೇಲೆ ನನಗಂತೂ ಅನುಮಾನ ಜಾಸ್ತಿ.